ತುಂಬಿ ತುಳುಕುವ ಸ್ಟ್ಯಾಕ್

ಕೈಗಾದ ಮಗ್ಗುಲಲ್ಲಿರುವ ಕದ್ರಾ ಜಲಾಶಯವು ಮಳೆಗಾಲದಲ್ಲಿ ತುಂಬಿ ಬಂದೊಡನೆ ಅಣೆಕಟ್ಟಿನ ಬಾಗಿಲುಗಳನ್ನೆತ್ತಿ ಕಾಳಿಯ ನೀರನ್ನು ಹೊರಬಿಡುವರೆಂಬುದನ್ನು ನಾವು ಬಲ್ಲೆವು. ಅಲ್ಲಿ ನೀರಿನ ಮಟ್ಟವು ಕಣ್ಣಿಗೆ ಕಾಣುವುದು. ಕಂಪ್ಯೂಟರಿನೊಳಗೆ ತುಂಬಿ ತುಳುಕುವುದು ಹಾಗೆ ಕಾಣದು.

ಯಂತ್ರದ ಸಕಲ ಕಾರ್ಯಗಳನ್ನೂ ಆಳುವ ಮೂಲ ಪ್ರೋಗ್ರಾಮಿಗೆ ಕರ್ನೆಲ್ ಎಂದು ಹೆಸರು. ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಕೈಹಾಕುವಾಗ, ಹಿಂದಿರುಗಬೇಕಾದ ಸ್ಥಾನವನ್ನೂ ತಾತ್ಕಾಲಿಕ ಲೆಕ್ಕಗಳನ್ನೂ ಅದು ಸ್ಟ್ಯಾಕ್ ಎಂಬ ರಾಶಿಯಲ್ಲಿ ಒಂದರ ಮೇಲೊಂದಾಗಿ ಇಡುತ್ತದೆ. ಈ ರಾಶಿಯ ಎಡೆಯು ಬಹು ಕಿರಿದು. ಲಿನಕ್ಸ್ ಕರ್ನೆಲಿನಲ್ಲಿ, ಇಂಟೆಲ್ ಜಾತಿಯ 64 ಬಿಟ್ ಯಂತ್ರಗಳಿಗೆ 8 ಕಿಲೋಬೈಟ್ ಇದ್ದುದು 2014ರಲ್ಲಿ 16 ಆಯಿತು. ಎಲ್ಲೆ ಮೀರಿದರೆ ನೆರೆಯ ಸ್ಮೃತಿಯಲ್ಲಿನ ಬರಹವು ಸದ್ದಿಲ್ಲದೆ ಅಳಿದುಹೋಗುವುದು. ಕೇಡು ಒಂದೆಡೆ ಹುಟ್ಟಿ, ಬಹಳ ಹೊತ್ತಿನ ಮೇಲೆ ಮತ್ತೊಂದೆಡೆ ತಲೆದೋರುವುದು.

ಆದುದರಿಂದ 2016ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 4.9ರಲ್ಲಿ, ಸ್ಟ್ಯಾಕಿನ ಅಂಚಿಗೆ ಏನನ್ನೂ ಬರೆಯಗೊಡದ ಕಾವಲು ಪುಟವನ್ನಿಡುವ ಏರ್ಪಾಡಾಯಿತು. ಅದನ್ನು ಮುಟ್ಟಿದ ಕ್ಷಣವೇ ಪ್ರೊಸೆಸರು ಕೆಲಸವನ್ನು ತಡೆಯುವುದು. ತಪ್ಪನ್ನು ವರದಿಮಾಡುವುದಕ್ಕೂ ಸ್ಟ್ಯಾಕ್ ಬೇಕಷ್ಟೆ. ತುಂಬಿದುದರಲ್ಲಿ ಎಡೆಯಿಲ್ಲವಾದ್ದರಿಂದ ಬೇರೊಂದು ತುರ್ತು ಸ್ಟ್ಯಾಕನ್ನು ಮೊದಲೇ ಕಾದಿರಿಸಿರುವರು.

ಸಹೋದರಿಯರೇ, ಕಾವಲು ಪುಟವು ತಪ್ಪನ್ನು ತೋರಿಸುವುದೇ ಹೊರತು ತಿದ್ದಲಾರದು. ದೊಡ್ಡ ಪಟ್ಟಿಗಳನ್ನು ಸ್ಟ್ಯಾಕಿನಲ್ಲಿ ಇಡದಿರುವುದೂ, ತನ್ನನ್ನೇ ಮೇರೆಯಿಲ್ಲದೆ ಕರೆದುಕೊಳ್ಳುವ ವಿಧಿಗಳನ್ನು ಬರೆಯದಿರುವುದೂ ನಿಜವಾದ ಮದ್ದು. ಆದರೂ ಮೈಮರೆತಲ್ಲಿ ಕಾವಲು ಬೇಕೇ ಬೇಕು. ಕೆಟ್ಟ ಲೆಕ್ಕದಿಂದ ಓಡುವ ಯಂತ್ರಕ್ಕಿಂತ, ಕಾರಣವನ್ನು ಹೇಳಿ ನಿಂತ ಯಂತ್ರವು ಲೇಸೆಂದು ನಾವು ತಿಳಿಯುತ್ತೇವೆ.