ಟೆಂಪ್ಲರ್‌ಗಳ ಹೊಲಮನೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದಲ್ಲಿ, ವಿದಮ್ ಪಟ್ಟಣದಿಂದ ಸ್ವಲ್ಪವೇ ದೂರದಲ್ಲಿ ಕ್ರೆಸಿಂಗ್ ಟೆಂಪಲ್ ಇದೆ. ಧರ್ಮಯುದ್ಧಗಳ ಕಾಲದ ಸನ್ಯಾಸಿ ಯೋಧರಾದ ಟೆಂಪ್ಲರ್‌ಗಳ ಹೆಸರು ಅಂಟಿಕೊಂಡ ಜಾಗವೆಂದ ಮೇಲೆ ಕಾದಂಬರಿ, ಸಿನಿಮಾಗಳ ಕಥೆಗಳೂ ಅದಕ್ಕೆ ಅಂಟಿಕೊಂಡಿವೆ.

ತಪ್ಪು ಕಲ್ಪನೆ: ಇದು ಟೆಂಪ್ಲರ್ ಯೋಧರ ಕೋಟೆ.

ವಾಸ್ತವ: ಇದು ಬೇಸಾಯದ ಜಮೀನು. 1137ರಲ್ಲಿ ಸ್ಟೀಫನ್ ದೊರೆಯ ಪತ್ನಿ, ರಾಣಿ ಮಟಿಲ್ಡಾ ಇದನ್ನು ಟೆಂಪ್ಲರ್‌ಗಳಿಗೆ ದತ್ತಿ ಬಿಟ್ಟಳು. ಜೆರುಸಲೇಮನ್ನು ಆಳಿದ ಗಾಡ್‌ಫ್ರೀ ಮತ್ತು ಬಾಲ್ಡ್ವಿನ್ ಆಕೆಯ ತಂದೆಯ ಸೋದರರು. ಹಾಗಾಗಿ ಆ ದೂರದ ಯುದ್ಧ ಅವಳಿಗೆ ಮನೆತನದ ವಿಷಯವೇ ಆಗಿತ್ತು. ಮುಂದಿನ ದಶಕದಲ್ಲಿ ದೊರೆ ವಿದಮ್ಮನ್ನೂ ಸೇರಿಸಿ ಕೊಟ್ಟ.

ಇಂಥ ಜಮೀನುಗಳಿಂದ ಬಯಸಿದ್ದು ಹಣ. ಪೂರ್ವದಲ್ಲಿ ಕುದುರೆ, ಕಬ್ಬಿಣ, ಕೋಟೆಗೋಡೆಗಳಿಗೆ ಆಗುವ ವೆಚ್ಚವನ್ನು ಯುರೋಪಿನ ಹೊಲಗಳು ತುಂಬಿಕೊಡಬೇಕಿತ್ತು. ಆದಾಯದ ಮೂರನೇ ಒಂದು ಪಾಲನ್ನು ಅಲ್ಲಿಗೆ ಕಳಿಸಬೇಕೆಂಬ ಪದ್ಧತಿಯಿತ್ತು. 1185ರಲ್ಲಿ ಇಂಗ್ಲೆಂಡಿನ ಟೆಂಪ್ಲರ್ ಮುಖ್ಯಸ್ಥ ಜೆಫ್ರಿ ಫಿಟ್ಜ್‌ಸ್ಟೀಫನ್ ಮಾಡಿಸಿದ ಸರ್ವೆಯನ್ನು ಓದಿದರೆ ಯಾರು ಎಷ್ಟು ಎಕರೆ ಹಿಡಿದಿದ್ದಾರೆ, ಎಷ್ಟು ಗೇಣಿ, ಒಡೆಯರ ಹೊಲದಲ್ಲಿ ಏನು ಬಿಟ್ಟಿ ಚಾಕರಿ ಎಂಬ ಲೆಕ್ಕವೇ ಸಿಗುತ್ತದೆ. ಶಾನುಭೋಗರ ಕಡತ ನೋಡಿದವರಿಗೆ ಅದೇನೂ ಹೊಸದೆನಿಸದು.

ಇನ್ನು ಯೋಧರ ಮಾತು. 1308ರಲ್ಲಿ ಬ್ರಿಟಿಷ್ ದ್ವೀಪಗಳಲ್ಲಿ ಬಂಧಿತರಾದ ಟೆಂಪ್ಲರ್‌ಗಳು ಸುಮಾರು 140 ಮಂದಿ. ಅವರಲ್ಲಿ ನಿಜವಾದ ನೈಟ್‌ಗಳು ಇಪ್ಪತ್ತೂ ಇರಲಿಲ್ಲ. ಉಳಿದವರು ಜಮೀನು ನೋಡಿಕೊಳ್ಳುವ ಸೇವಕ ಸೋದರರು ಮತ್ತು ಪಾದ್ರಿಗಳು. ಉತ್ತು ಬಿತ್ತುತ್ತಿದ್ದವರು ಊರಿನ ಒಕ್ಕಲುಗಳು.

ತಪ್ಪು ಕಲ್ಪನೆ: ಅಲ್ಲಿನ ಎರಡು ಬೃಹತ್ ಮರದ ಕಟ್ಟಡಗಳು ಪ್ರಾರ್ಥನಾ ಮಂದಿರಗಳಾಗಿದ್ದವು.

ವಾಸ್ತವ: ಒಳಗೆ ಕಾಲಿಟ್ಟವರಿಗೆ ಹಾಗನಿಸಿದರೆ ತಪ್ಪೇನಿಲ್ಲ. ಎರಡು ಸಾಲು ಓಕ್ ಕಂಬಗಳು, ನಡುವೆ ಎತ್ತರದ ಅಂಕಣ, ಎರಡೂ ಬದಿಗೆ ತಗ್ಗಿನ ಪಡಸಾಲೆ: ವಿನ್ಯಾಸ ಚರ್ಚಿನದೇ. ಆದರೆ ಇವು ಪೈರಿನ ಮನೆಗಳು. ಕೊಯ್ದ ಸಿವುಡುಗಳನ್ನು ಬದಿಗಳಲ್ಲಿ ಸೂರಿನವರೆಗೆ ಪೇರಿಸಿ, ಬಾಗಿಲಿನ ನೇರಕ್ಕಿದ್ದ ಕಣದಲ್ಲಿ ಚಳಿಗಾಲವಿಡೀ ಬಡಿದು ಕಾಳು ಬಿಡಿಸುತ್ತಿದ್ದರು. ಅಲ್ಲಿನ ಮಳೆ, ಚಳಿಯಲ್ಲಿ ಬಯಲು ಕಣ ನಡೆಯುವ ಮಾತಲ್ಲ.

ಮರದ ವಾರ್ಷಿಕ ಉಂಗುರಗಳ ಲೆಕ್ಕದ ಪ್ರಕಾರ ಈ ಎರಡು ಪೈರಿನ ಮನೆಗಳಲ್ಲಿ ಬಾರ್ಲಿ ಬಾರ್ನ್‌ನ ಮರ ಕಡಿದದ್ದು 1205 ಮತ್ತು 1235ರ ನಡುವೆ. ವೀಟ್ ಬಾರ್ನ್‌ನದು 1257 ಮತ್ತು 1280ರ ನಡುವೆ. ತೊಲೆಗಳನ್ನು ಕೂರಿಸಿರುವುದು ಮರದ ಬೆಣೆ, ಕೀಲುಗಳಿಂದ. ಆ ಬಡಗಿಗಳ ಹೆಸರು ಯಾವ ದಾಖಲೆಯಲ್ಲೂ ಉಳಿದಿಲ್ಲ. ನನ್ನ ಮಟ್ಟಿಗೆ ಈ ಜಾಗದ ನಾಯಕರು ಅವರೇ.

ತಪ್ಪು ಕಲ್ಪನೆ: 1307ರ ಅಕ್ಟೋಬರ್ 13ರ ಶುಕ್ರವಾರ ಎಲ್ಲ ಟೆಂಪ್ಲರ್‌ಗಳನ್ನೂ ಹಿಡಿದು ಸುಟ್ಟರು.

ವಾಸ್ತವ: ಅಂದು ಬಂಧನ ನಡೆದದ್ದು ಫ್ರಾನ್ಸಿನಲ್ಲಿ. ಇಂಗ್ಲೆಂಡಿನ ಎರಡನೇ ಎಡ್ವರ್ಡ್ ಮೊದಲು ಆರೋಪಗಳನ್ನೇ ನಂಬಲಿಲ್ಲ. ಪೋಪ್ ಆಜ್ಞೆ ಬಂದ ಮೇಲೆ, 1308ರ ಜನವರಿಯಲ್ಲಿ ಬಂಧಿಸಿದ. ಇಂಗ್ಲೆಂಡಿನಲ್ಲಿ ಯಾರನ್ನೂ ಸುಡಲಿಲ್ಲ. ಹೆಚ್ಚಿನವರನ್ನು ಪ್ರಾಯಶ್ಚಿತ್ತಕ್ಕೆಂದು ಬೇರೆ ಮಠಗಳಿಗೆ ಕಳಿಸಿದರು.

ತಪ್ಪು ಕಲ್ಪನೆ: 1381ರಲ್ಲಿ ದಂಗೆಯೆದ್ದ ರೈತರು ಟೆಂಪ್ಲರ್‌ಗಳ ಮೇಲೆ ಸೇಡು ತೀರಿಸಿಕೊಂಡರು.

ವಾಸ್ತವ: ಅಷ್ಟರಲ್ಲಿ ಟೆಂಪ್ಲರ್ ಪಂಥವೇ ಇರಲಿಲ್ಲ. 1312ರಲ್ಲಿ ಪೋಪ್ ಐದನೇ ಕ್ಲೆಮೆಂಟ್ ಅದನ್ನು ರದ್ದುಪಡಿಸಿ, ಆಸ್ತಿಯನ್ನು ಹಾಸ್ಪಿಟಲರ್‌ಗಳೆಂಬ ಇನ್ನೊಂದು ಯೋಧ ಪಂಥಕ್ಕೆ ವಹಿಸಿದ್ದ. 1381ರಲ್ಲಿ ಆ ಪಂಥದ ಇಂಗ್ಲೆಂಡಿನ ಮುಖ್ಯಸ್ಥ ರಾಬರ್ಟ್ ಹೇಲ್ಸ್ ದೊರೆಯ ಖಜಾಂಚಿಯೂ ಆಗಿದ್ದ. ತಲೆಗಂದಾಯದಿಂದ ಬೆಂದಿದ್ದ ಜನರಿಗೆ ಕಂದಾಯದ ಮುಖ ಅವನದೇ. ಜೂನ್‌ನಲ್ಲಿ ಕ್ರೆಸಿಂಗ್ ಟೆಂಪಲ್ಲಿಗೆ ನುಗ್ಗಿ ಸೂರೆ ಮಾಡಿದರು. ಕೆಲವೇ ದಿನಗಳಲ್ಲಿ ಲಂಡನ್ನಿನ ಟವರ್ ಹಿಲ್‌ನಲ್ಲಿ ಅವನ ತಲೆ ಕಡಿದರು. ದ್ವೇಷವಿದ್ದದ್ದು ಹೇಲ್ಸ್ ಮೇಲೆ. ಹೊಲಮನೆ ಅವನ ಕೈಕೆಳಗಿತ್ತು, ಅದಕ್ಕೇ ಪೆಟ್ಟು ತಿಂದಿತು.

ತಪ್ಪು ಕಲ್ಪನೆ: ನೆಲದಡಿ ಟೆಂಪ್ಲರ್‌ಗಳ ನಿಧಿಯಿದೆ.

ವಾಸ್ತವ: ಇಲ್ಲ. ಬಂಧನದ ನಂತರ ಅಧಿಕಾರಿಗಳು ಬಂದು ಇಂಥ ಜಮೀನುಗಳ ಪೈರು, ದನಕರು, ಪಾತ್ರೆಪಗಡಗಳನ್ನೆಲ್ಲ ಪಟ್ಟಿ ಮಾಡಿದ್ದರು.

ತಪ್ಪು ಕಲ್ಪನೆ: ಇಂದು ಕಾಣುವುದೆಲ್ಲ ಟೆಂಪ್ಲರ್‌ಗಳದ್ದು.

ವಾಸ್ತವ: ಅವರ ಪ್ರಾರ್ಥನಾಲಯ, ವಾಸದ ಮನೆ ಯಾವುದೂ ನಿಂತಿಲ್ಲ. ಎರಡು ಪೈರಿನ ಮನೆಗಳು ಮತ್ತು ಒಂದು ಕಲ್ಲುಕಟ್ಟಡದ ಬಾವಿ ಮಾತ್ರ ಅವರ ಕಾಲದವು. ಬಾರ್ಲಿ ಬಾರ್ನ್ ಕೂಡ ನಂತರ ಸಾಕಷ್ಟು ಬದಲಾಗಿದೆ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಇಟ್ಟಿಗೆ ಗೋಡೆಯ ತೋಟ ಟ್ಯೂಡರ್ ಕಾಲದ್ದು. 1987ರಲ್ಲಿ ಎಸೆಕ್ಸ್ ಕೌಂಟಿ ಕೌನ್ಸಿಲ್ ಇಡೀ ಜಾಗವನ್ನು ಕೊಂಡುಕೊಂಡಿತು.