ಮಂತ್ರವಿಲ್ಲದ ಮದುವೆಗೆ ವಯಸ್ಸೆಷ್ಟು?

ಪುರೋಹಿತರಿಲ್ಲ, ಪಾದ್ರಿಯಿಲ್ಲ, ನೋಂದಣಿ ಕಚೇರಿಯ ರುಜುವೂ ಇಲ್ಲ. ಒಂದು ಗಂಡು, ಒಂದು ಹೆಣ್ಣು ತಾವು ಸತಿಪತಿಗಳೆಂದು ಪರಸ್ಪರ ಒಪ್ಪಿ, ಒಂದೇ ಸೂರಿನಡಿ ಬಾಳಿ, ನಾಲ್ಕು ಜನರೆದುರು ಹಾಗೆಯೇ ನಡೆದುಕೊಂಡರೆ ಅದೂ ಮದುವೆಯೇ. ಇದಕ್ಕೆ 'ಕಾಮನ್ ಲಾ ಮದುವೆ' ಎಂದು ಹೆಸರು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದಕ್ಕೆ ಇಂದಿಗೂ ಮಾನ್ಯತೆ ಉಂಟು. ಆದರೆ ಅರ್ಜಿ, ಪರವಾನಗಿಗಳ ಗೊಡವೆಯೇ ಇಲ್ಲದ ಈ ಮದುವೆಯಲ್ಲಿ ಹುಡುಗಿಯ ವಯಸ್ಸು ಕೇಳುವವರು ಯಾರು?

2006ರಲ್ಲಿ ಕೊಲೊರಾಡೊ ರಾಜ್ಯದ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದದ್ದು ಇದೇ ಪ್ರಶ್ನೆ. ವಯಸ್ಕ ಪುರುಷನೊಬ್ಬನೊಡನೆ ಸಂಸಾರ ಹೂಡಿದಾಗ ಹುಡುಗಿಗೆ 15 ವರ್ಷ. ಆ ಮದುವೆ ಅಸಿಂಧುವೆಂದು ಕೆಳ ನ್ಯಾಯಾಲಯ ಹೇಳಿತ್ತು. ಪರವಾನಗಿ ಪಡೆದು ಆಗುವ ಮದುವೆಗೆ ರಾಜ್ಯದ ಶಾಸನ 18 ವರ್ಷ ಗೊತ್ತುಪಡಿಸಿತ್ತು; ಪೋಷಕರು ಒಪ್ಪಿದರೆ 16. ಕಾಮನ್ ಲಾ ಮದುವೆಯ ವಯಸ್ಸಿನ ಬಗ್ಗೆ ಮಾತ್ರ ಅದು ಮೌನವಾಗಿತ್ತು. ಶಾಸನ ಮೌನವಾಗಿರುವಲ್ಲಿ ಹಳೆಯ ಇಂಗ್ಲಿಷ್ ರೂಢಿಯೇ ಅನ್ವಯಿಸುತ್ತದೆ ಎಂದ ಮೇಲ್ಮನವಿ ನ್ಯಾಯಾಲಯ ಕೆಳಗಿನ ತೀರ್ಪನ್ನು ತಳ್ಳಿಹಾಕಿತು. ಆ ರೂಢಿಯ ಪ್ರಕಾರ ಹೆಣ್ಣಿಗೆ 12, ಗಂಡಿಗೆ 14!

ಈ ಅಂಕಿಗಳ ಮೂಲ ರೋಮನ್ ಕಾನೂನು. ಮೈನೆರೆಯುವ ಕಾಲವೇ ಮದುವೆಯ ಕಾಲ ಎಂಬುದು ಅಲ್ಲಿನ ಲೆಕ್ಕ. ರೋಮಿನಿಂದ ಕ್ರೈಸ್ತ ಧರ್ಮಶಾಸನಕ್ಕೆ, ಅಲ್ಲಿಂದ ಇಂಗ್ಲೆಂಡಿಗೆ, ವಲಸೆಗಾರರೊಡನೆ ಅಮೆರಿಕಕ್ಕೆ ಅದು ಸಾಗಿಬಂತು. ಪಾದ್ರಿಯೂ ಅಧಿಕಾರಿಯೂ ದೂರವಿದ್ದ ಗಡಿನಾಡುಗಳಲ್ಲಿ ಸಹಬಾಳ್ವೆಯನ್ನೇ ಮದುವೆಯೆಂದು ಮನ್ನಿಸಿದ್ದರಿಂದ ಹೆಂಡತಿಗೆ ಆಸ್ತಿಯ ಹಕ್ಕು, ಮಕ್ಕಳಿಗೆ ಹೆಸರು ಉಳಿದವು. ಹೆಣ್ಣಿನ ರಕ್ಷಣೆಗೆ ನಿಂತ ಅದೇ ನಿಯಮ ಎಳೆಯ ಹುಡುಗಿಯ ಪಾಲಿಗೆ ಬಲೆಯೂ ಆಗಬಹುದಿತ್ತು.

ಸ್ವತಃ ಇಂಗ್ಲೆಂಡ್ 1753ರ ಕಾಯ್ದೆಯಿಂದ ಇಂಥ ಅನೌಪಚಾರಿಕ ಮದುವೆಗಳಿಗೆ ತೆರೆ ಎಳೆಯಿತು. ಆದರೆ 12 ಮತ್ತು 14ರ ಮಿತಿ ಅಲ್ಲಿ ಕದಲಿದ್ದು 1929ರಲ್ಲಿ. ಆಗ ಅದು ಇಬ್ಬರಿಗೂ 16 ಆಯಿತು. ಅದೇ ವರ್ಷ ಭಾರತದಲ್ಲಿ ಶಾರದಾ ಕಾಯ್ದೆ ಅಂಗೀಕಾರವಾಗಿ ಹೆಣ್ಣಿಗೆ 14, ಗಂಡಿಗೆ 18 ಎಂದಾಯಿತು. ಬಾಲ್ಯವಿವಾಹದ ವಿಷಯದಲ್ಲಿ ಆಳುವವರ ಮನೆಯ ಕಾನೂನು ಆಳಿಸಿಕೊಂಡವರ ನಾಡಿನದಕ್ಕಿಂತ ಬಹಳ ಮುಂದೇನೂ ಇರಲಿಲ್ಲ.

ಕೊಲೊರಾಡೊ ತೀರ್ಪು ಶಾಸಕರನ್ನು ಬಡಿದೆಬ್ಬಿಸಿತು. 2006ರ ಸೆಪ್ಟೆಂಬರ್ 1ರಿಂದ ಅಲ್ಲಿ ಕಾಮನ್ ಲಾ ಮದುವೆಗೂ 18 ತುಂಬಿರಬೇಕೆಂದು ವಿಧಿಸಲಾಯಿತು. ಕ್ಯಾನ್ಸಾಸ್ ಕೂಡ ಇದೇ ಮಿತಿ ತಂದಿದೆ.

ಭಾರತದ ನ್ಯಾಯಾಲಯಗಳೂ ದೀರ್ಘ ಸಹಬಾಳ್ವೆಯಿಂದ ಮದುವೆಯನ್ನು ಊಹಿಸಿಕೊಳ್ಳುವುದುಂಟು. 2010ರಲ್ಲಿ ವೇಲುಸಾಮಿ ಪ್ರಕರಣದಲ್ಲಿ, 'ಮದುವೆಯ ಸ್ವರೂಪದ ಸಂಬಂಧ'ಕ್ಕೆ ಷರತ್ತುಗಳನ್ನು ಹೇಳುವಾಗ ಸುಪ್ರೀಂ ಕೋರ್ಟ್ ಕಾಮನ್ ಲಾ ಮದುವೆಯನ್ನೇ ಹೋಲಿಕೆಗೆ ತೆಗೆದುಕೊಂಡಿತು. ಇಬ್ಬರಿಗೂ ಕಾನೂನುಬದ್ಧ ವಯಸ್ಸಾಗಿರಬೇಕೆಂಬುದು ಆ ಷರತ್ತುಗಳಲ್ಲೊಂದು. ಕರ್ನಾಟಕವಂತೂ 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಮೂಲತಃ ಶೂನ್ಯವೆಂದೇ ಸಾರಿದೆ. ಕೇಂದ್ರದ 2006ರ ಕಾಯ್ದೆಯಲ್ಲಾದರೆ ಅದನ್ನು ಸಾಮಾನ್ಯವಾಗಿ ನ್ಯಾಯಾಲಯಕ್ಕೆ ಹೋಗಿ ರದ್ದುಪಡಿಸಿಕೊಳ್ಳಬೇಕು.

ಮಂತ್ರ, ಸಾಕ್ಷಿ, ಸಹಿ ಯಾವುದನ್ನು ಬಿಟ್ಟರೂ ಮದುವೆ ನಿಲ್ಲಬಹುದು. ಒಪ್ಪಿಗೆ ಬಿಟ್ಟರೆ ನಿಲ್ಲದು. 12ರ ಬಾಲೆಯ ತಲೆಯಾಡಿಸುವಿಕೆ ಒಪ್ಪಿಗೆಯಲ್ಲ ಎಂದು ಅರಿಯಲು ಕಾನೂನಿಗೆ ಶತಮಾನಗಳೇ ಹಿಡಿದವು.