ಹಳೆಯ ಜಾವಾದ ನಿಜವಾದ ಬಣ್ಣ

ಮೈಸೂರಿನ ಯಾದವಗಿರಿಯ ಹೆಸರನ್ನು ದೇಶದ ಮೂಲೆಮೂಲೆಗೂ ಒಯ್ದುದು ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು 1961ರಲ್ಲಿ ಮೋಟಾರ್ ಸೈಕಲ್ಲುಗಳ ತಯಾರಿಕೆಯನ್ನು ಆರಂಭಿಸಿದ ಈ ಕಾರ್ಖಾನೆ, 1970ರ ದಶಕದಿಂದ ಅವುಗಳನ್ನು ಯೆಜ್ಡಿ ಎಂಬ ಹೆಸರಿನಲ್ಲಿ ಹೊರತಂದು, 1996ರಲ್ಲಿ ಬಾಗಿಲು ಮುಚ್ಚಿತು. ಅದರ ಹಳೆಯ ವಾಹನಗಳನ್ನು ಮೊದಲಿನ ರೂಪಕ್ಕೆ ತರುವ ಉತ್ಸಾಹಿಗಳು ಇಂದಿಗೂ ಇದ್ದಾರೆ. ಜಾವಾ ಎಂದೊಡನೆ ಕಣ್ಣಿಗೆ ಕಟ್ಟುವುದು ಗಾಢವಾದ ಕೆಂಪು. ಜನರ ಬಾಯಲ್ಲಿ ಅದು 'ಮೆರೂನ್'. ಆದರೆ ಮೆರೂನ್ ಎಂಬುದು ಒಂದೇ ಬಣ್ಣವಲ್ಲ. ಕಾರ್ಖಾನೆ ಬಳಿದ ಮೆರೂನ್ ಯಾವುದೆಂದು ತಿಳಿಯುವುದು ಹೇಗೆ?

ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯನ್ನು ನೋಡಿ ಬಣ್ಣ ಬೆರೆಸಿದರೆ ಸಾಲದೆ? ಸಾಲದು. ಪೇಂಟಿನಲ್ಲಿ ಮುಖ್ಯವಾಗಿ ಎರಡು ಅಂಶಗಳುಂಟು: ಬಣ್ಣ ಕೊಡುವ ವರ್ಣಕದ ಕಣಗಳು, ಅವನ್ನು ಹಿಡಿದಿಡುವ ಬಂಧಕ. ಬಿಸಿಲಿನ ಅತಿನೇರಳೆ ಕಿರಣಗಳು ಬಂಧಕವನ್ನು ಶಿಥಿಲಗೊಳಿಸುತ್ತವೆ. ಆಗ ಮೇಲ್ಮೈ ಪುಡಿಪುಡಿಯಾಗಿ ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುತ್ತದೆ. ಬಣ್ಣ ಬಿಳಿಚಿಕೊಂಡಂತೆ ಕಾಣುತ್ತದೆ. ಸೀಮೆಸುಣ್ಣದ ಪುಡಿ ಕುಳಿತ ಕರಿಹಲಗೆ ಬೂದಿಯಾಗಿ ತೋರುವುದಿಲ್ಲವೇ, ಹಾಗೆ. ಈ ಪುಡಿಯನ್ನು ಪಾಲಿಶ್‌ನಿಂದ ತೆಗೆಯಬಹುದು. ಆದರೆ ವರ್ಣಕವೇ ಬಿಸಿಲಿಗೆ ಕೆಟ್ಟಿದ್ದರೆ ಹೋದ ಬಣ್ಣ ಮರಳದು.

ಆದ್ದರಿಂದ ಬಿಸಿಲು ತಾಗದ ಎಡೆಗಳನ್ನೇ ನಾವು ಹುಡುಕಬೇಕು: ಟ್ಯಾಂಕಿನ ತಳ, ಸೀಟಿನ ಅಡಿ, ಉಪಕರಣದ ಪೆಟ್ಟಿಗೆಯ ಒಳಮೈ. ಅಲ್ಲಿನ ಎಣ್ಣೆಜಿಡ್ಡನ್ನು ಒರೆಸಿ, ನಯವಾದ ನೀರುಕಾಗದದಿಂದ ಕಾಸಿನಗಲದಷ್ಟು ಜಾಗವನ್ನು ಮೆಲ್ಲನೆ ಉಜ್ಜಿದರೆ, ಕಾಲಕಾಲಕ್ಕೆ ಬಳಿದ ಪದರಗಳು ಮರದ ಬಳೆಗಳಂತೆ ಒಂದರೊಳಗೊಂದು ಕಾಣುತ್ತವೆ. ಮೂಲ ಪ್ರೈಮರ್ ಉಳಿದಿದ್ದರೆ, ಅದಕ್ಕೆ ಅಂಟಿಕೊಂಡಿರುವ ಮೊದಲ ಬಣ್ಣವೇ ಕಾರ್ಖಾನೆಯದು.

ಇನ್ನು ಹೊಸ ಬಣ್ಣವನ್ನು ಇದಕ್ಕೆ ಹೊಂದಿಸಬೇಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಎರಡು ಕೆಂಪುಗಳು ಬಯಲಿಗೆ ಬಂದೊಡನೆ ಬೇರೆಯಾಗುವುದುಂಟು. ಹೀಗೇಕೆ? ನಮ್ಮ ಕಣ್ಣಿನಲ್ಲಿ ಬಣ್ಣವನ್ನರಿಯುವ ಶಂಕುಕೋಶಗಳು ಮೂರೇ ಬಗೆ. ಬೇರೆ ಬೇರೆ ವರ್ಣಕಗಳ ಎರಡು ಮಿಶ್ರಣಗಳು ಒಂದು ಬೆಳಕಿನಲ್ಲಿ ಈ ಮೂರನ್ನೂ ಸಮನಾಗಿ ಪ್ರಚೋದಿಸಿದರೆ, ನಾವು ಅವನ್ನು ಒಂದೇ ಬಣ್ಣವೆನ್ನುತ್ತೇವೆ. ಬೆಳಕು ಬದಲಾದರೆ ಆ ಸಮತೆ ಮುರಿಯುತ್ತದೆ. ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉಪಕರಣಕ್ಕೆ ಈ ಭ್ರಮೆಯಿಲ್ಲ. ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗಿನ ಒಂದೊಂದು ತರಂಗಾಂತರದಲ್ಲೂ ಮೇಲ್ಮೈ ಎಷ್ಟು ಬೆಳಕನ್ನು ಮರಳಿಸುತ್ತದೆಂಬುದನ್ನು ಅದು ಅಳೆಯುತ್ತದೆ. ಆ ಅಳತೆಯಿಂದ ಗಣಕಯಂತ್ರವು ಮಿಶ್ರಣದ ಪ್ರಮಾಣವನ್ನು ಸೂಚಿಸಬಲ್ಲದು.

ಆದರೂ ಕೊನೆಯ ಪರೀಕ್ಷೆ ಕಣ್ಣಿನದೇ. ಕೆಂಪು ವರ್ಣಕಗಳಲ್ಲಿ ಹಲವು ಅರೆಪಾರದರ್ಶಕವಾದುದರಿಂದ ಅಡಿಯ ಪ್ರೈಮರ್ ಬಿಳಿಯೋ ಬೂದಿಯೋ ಎಂಬುದರ ಮೇಲೂ ಬಣ್ಣ ಬದಲಾಗುತ್ತದೆ. ವಾಹನಕ್ಕೆ ಹಾಕುವ ಪ್ರೈಮರನ್ನೇ ಒಂದು ತಗಡಿಗೆ ಹಾಕಿ, ಬಣ್ಣ ಬಳಿದು, ಪೂರ್ತಿ ಒಣಗಿದ ಮೇಲೆ ಹಗಲಿನ ನೆರಳಿನಲ್ಲೂ ಟ್ಯೂಬ್‌ಲೈಟಿನಲ್ಲೂ ಹಳದಿ ಬಲ್ಬಿನಲ್ಲೂ ಹೋಲಿಸಿ ನೋಡಬೇಕು. ಮೂರರಲ್ಲೂ ಹೊಂದಿದರೆ ನಿಶ್ಚಿಂತೆ.

ಹಳೆಯ ವಾಹನ ಕೈಗೆ ಬಂದೊಡನೆ ಬಣ್ಣವನ್ನೆಲ್ಲ ಹೆರೆದು ತೆಗೆಯುವವರು ಹಲವರು. ಕೇಳಿ ತಿಳಿಯಲು ಯಾದವಗಿರಿಯಲ್ಲಿ ಇಂದು ಆ ಕಾರ್ಖಾನೆಯಿಲ್ಲ. ವಾಹನದ ಮೈಯೇ ಅದರ ದಾಖಲೆ. ಅಳತೆ ಮಾಡುವ ಮುನ್ನ ಅದನ್ನು ಹೆರೆಯಬಾರದು. ಮಾಡಿದ ಮೇಲೂ ಸೀಟಿನ ಅಡಿ ಅಂಗೈಯಗಲದ ಹಳೆಯ ಬಣ್ಣವನ್ನು ಹಾಗೆಯೇ ಉಳಿಸಬೇಕು. ಮುಂದೆ ಇದೇ ಪ್ರಶ್ನೆ ಕೇಳುವವರಿಗೆ ಉತ್ತರ ಅಲ್ಲಿರುತ್ತದೆ.